ಮೂತಿಯ ಮೇಲಿನ ಕೆಂಪು

ನನಗೆ ಶೀತವಾದ ದಿನ ನಮ್ಮೂರಿನಿಂದ ವಿಮಾನ ಏಳುತ್ತಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬದ ಕಥೆ ಮುಂದೆ ಬರುತ್ತದೆ, ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ಸೀನು ಬರುವವನ ಕೈಯಲ್ಲಿ ಬ್ರಷ್ ಇರಬಾರದು ಎಂಬುದು ಮರಿಮನೆಯ ಕಟ್ಟಳೆ. ಒಂದು ಸೀನಿಗೆ ರೆಕ್ಕೆಯ ಮೇಲೆ ಒಂದು ಹನಿ ಬಣ್ಣ ಹಾರಿದರೆ, ಬಯಲಿನಲ್ಲಿ ನಿಂತ ದೊಡ್ಡದರ ರೆಕ್ಕೆಯ ಮೇಲೆ ಕೊಡದಷ್ಟು ಬಣ್ಣ ಚೆಲ್ಲಿರುತ್ತಿತ್ತು. ಅದನ್ನು ಕೆರೆದು, ಉಜ್ಜಿ, ಮತ್ತೆ ಬಳಿಯುವಷ್ಟರಲ್ಲಿ ಎರಡು ದಿನ ಹೋಯಿತೆಂದೇ ಲೆಕ್ಕ.

ನಮ್ಮೂರಿನಲ್ಲಿ ನಾಲ್ಕು ವಿಮಾನಗಳು, ಮರಿಮನೆಯಲ್ಲಿ ನಾಲ್ಕು ಮರಿಗಳು. ಒಂದೊಂದು ಮರಿಯೂ ಒಂದು ಮೊಳ ಉದ್ದ. ವೀರಾಚಾರ್ರು ಹಾಲೆಮರದಲ್ಲಿ ಕೆತ್ತಿದ್ದು. ಗುಡ್ಡದಾಚೆಗೆ ಹೋಗಲು ನಮಗೆ ಬೇರೆ ದಾರಿಯಿಲ್ಲ. ಬಸುರಿಯರು, ಬೀಗರು, ಕಾಗದಪತ್ರ, ಉಪ್ಪಿನ ಮೂಟೆ ಎಲ್ಲವೂ ಗಾಳಿಯಲ್ಲೇ ಹೋಗಬೇಕು, ಗಾಳಿಯಲ್ಲೇ ಬರಬೇಕು. ದೊಡ್ಡ ವಿಮಾನವನ್ನು ಯಾರೂ ರಿಪೇರಿ ಮಾಡುವುದಿಲ್ಲ. ಅದರ ಹತ್ತಿರ ಸ್ಪ್ಯಾನರ್ ಹಿಡಿದು ಹೋದವನನ್ನು ನೋಡಿದರೆ ನಮ್ಮವರು ನಕ್ಕಾರು. ಮರಿಗೆ ಏನು ಮಾಡಿದರೆ ದೊಡ್ಡದಕ್ಕೂ ಅದೇ ಆಗುತ್ತದೆ. ದೊಡ್ಡದು ನೆಲ ಮುಟ್ಟಿದಾಗ ಮರಿಯ ಚಕ್ರಗಳಿಗೆ ತಾನಾಗಿಯೇ ಬಯಲಿನ ಕೆಂಪು ಧೂಳು ಮೆತ್ತಿಕೊಳ್ಳುತ್ತದೆ. ಆಗ ನಾವು ಒದ್ದೆ ಬಟ್ಟೆಯಿಂದ ಚಕ್ರ ಒರೆಸಿ, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಮನೆಗೆ ಹೋಗುತ್ತೇವೆ.

ದೊಡ್ಡದು ಮೇಲಿರುವಷ್ಟು ಹೊತ್ತು ಮರಿಯನ್ನು ಮುಟ್ಟುವಂತಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಅದನ್ನಿಟ್ಟು ಒಬ್ಬರು ಕಾವಲು ಕೂರಬೇಕು, ಕೈ ಮಡಿಲಲ್ಲಿರಬೇಕು. ಹಿಂದೊಮ್ಮೆ ಯಾರೋ ಮುಚ್ಚಳ ಸರಿಯಾಗಿ ಹಾಕದೆ ಹೋಗಿ, ಒಂದು ಹಲ್ಲಿ ಬಂದು ಎರಡನೇ ಮರಿಯ ಬಾಲದ ಮೇಲೆ ಕೂತಿತಂತೆ. ಅತ್ತ ದೊಡ್ಡದು ಹಿಂಭಾಗ ಜೋತುಹಾಕಿಕೊಂಡು ಅರ್ಧ ಗಂಟೆ ಹಾರಿತಂತೆ. ಹಲ್ಲಿಯನ್ನು ಓಡಿಸಲು ಪೊರಕೆ ಎತ್ತಿದವನನ್ನು ನಾಲ್ಕು ಜನ ಹಿಡಿದುಕೊಂಡಿದ್ದರಂತೆ. ಅದಾಗಿಯೇ ಇಳಿದು ಹೋಗುವವರೆಗೆ ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರಂತೆ.

ನಾನು ಮೋನಪ್ಪ. ಮರ ಕೆತ್ತುವುದು ವೀರಾಚಾರ್ರ ಕೆಲಸ, ಕೆತ್ತಿದ ಮೇಲಿನದೆಲ್ಲ ನನ್ನದು. ಅಸ್ತರಿನ ಬಣ್ಣ, ಮೇಲುಬಣ್ಣ, ಅಂಕಿ, ಗೆರೆ, ವಾರ್ನಿಷ್, ಕೊನೆಗೆ ಕಿಟಕಿಯ ಗಾಜು ಕೂರಿಸುವುದು. ಅದಕ್ಕಿಂತ ಹೆಚ್ಚಾಗಿ ಕೆಟ್ಟದ್ದನ್ನು ಸರಿಪಡಿಸುವುದು. ಬಣ್ಣ ಇಳಿದು ಕಣ್ಣೀರಿನ ಹಾಗೆ ನಿಂತರೆ ಅದನ್ನು ಒಣಗಲು ಬಿಟ್ಟು, ನೀರು ಹಚ್ಚಿದ ಸ್ಯಾಂಡ್ ಪೇಪರ್‌ನಲ್ಲಿ ಸಮ ಮಾಡಬೇಕು. ಧೂಳು ಕೂತರೆ ಮುಟ್ಟಬಾರದು, ಮಾರನೆಯ ದಿನ ಸೂಜಿಯ ಮೊನೆಯಲ್ಲಿ ಎತ್ತಬೇಕು. ಹಸಿ ಬಣ್ಣವನ್ನು ಮುಟ್ಟುವವನು ಮೂರ್ಖ ಎಂದು ಮೂವತ್ತು ವರ್ಷ ಎಷ್ಟು ಜನರನ್ನು ಬೈದಿದ್ದೇನೋ, ಲೆಕ್ಕವಿಲ್ಲ. ನನ್ನ ಬಾಯಿ ಅಷ್ಟು ಚೆನ್ನಾಗಿತ್ತು.

ಕಾಳಿಕಾ ನನ್ನ ಒಬ್ಬಳೇ ಮಗಳು. ಅವಳಿಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಆಮೇಲೆ ಮರಿಮನೆಯ ಬೆಂಚಿನ ಕೆಳಗೇ ಬೆಳೆದಳು. ಐದನೇ ವರ್ಷದಲ್ಲಿ ಆಚಾರ್ರ ಉಳಿ ಹಿಡಿದುಕೊಂಡು ಓಡಿದಳು. ಕಸಿದುಕೊಳ್ಳಲು ಹೋದಾಗ ಉಳಿ ನನ್ನ ಎಡಗೈ ಹೆಬ್ಬೆರಳನ್ನು ಅಡ್ಡಡ್ಡಲಾಗಿ ಸೀಳಿತು. ಗಾಯ ಮಾಗಿತು, ಗೆರೆ ಉಳಿಯಿತು. ಚಿಕ್ಕವಳಿದ್ದಾಗ ನಿದ್ದೆ ಬರುವವರೆಗೆ ಅವಳು ಆ ಗೆರೆಯ ಮೇಲೆ ಬೆರಳಾಡಿಸುತ್ತಿದ್ದಳು. ಅವಳು ನನ್ನ ಹಾಗೆ ಬಣ್ಣ ಹಚ್ಚುವವಳಾಗಲಿಲ್ಲ. ವಿಮಾನ ಹಾರಿಸುವುದನ್ನು ಕಲಿತಳು. ಮೂರು ವರ್ಷಗಳ ಕಾಲ ಹಿರಿಯ ಪೈಲಟ್ಟಿನ ಪಕ್ಕದಲ್ಲಿ ಕೂತಳು. ಕೊನೆಗೊಂದು ದಿನ ಮೂರನೇ ವಿಮಾನವನ್ನು ಅವಳ ಒಬ್ಬಳ ಕೈಗೇ ಕೊಟ್ಟರು.

ಅದಕ್ಕೆ ನಾನು ಮೂರನೇ ಮರಿಯ ಮೂತಿಗೆ ಒಂದು ಕೆಂಪು ಪಟ್ಟಿ ಹಾಕಬೇಕೆಂದುಕೊಂಡೆ.

"ಬೇಡ ಅಪ್ಪ, ಬಿಳೀನೇ ಚೆನ್ನಾಗಿದೆ," ಎಂದಳು ಕಾಳಿಕಾ.

"ನಿಂಗೇನ್ ಗೊತ್ತಾಗತ್ತೆ ಸುಮ್ನಿರು. ನಮ್ಮ ಬೀದಿಯಿಂದ ಮೊದಲ್ನೇ ಸಲ ಒಬ್ರು ವಿಮಾನ ಹಾರಿಸ್ತಿರೋದು. ದೂರದಿಂದ್ಲೇ ಗುರುತು ಸಿಗಬೇಕು."

ಅವಳು ನಕ್ಕಳು, ಅಷ್ಟೇ. ನನ್ನ ಜೊತೆ ವಾದ ಮಾಡಿ ಪ್ರಯೋಜನವಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಅವಳು ಹೊರಡುವ ಹಿಂದಿನ ದಿನ ಸಂಜೆ ಟೇಪು ಅಂಟಿಸಿ ಕೆಂಪು ಹಚ್ಚಿದೆ. ಬೆಳಿಗ್ಗೆ ಮಸುಕು ಬೆಳಕಿನಲ್ಲೇ ಟೇಪು ಎಳೆದೆ, ಮುಂಗಾಜನ್ನು ಕನ್ನಡಿಯಂತೆ ಒರೆಸಿಟ್ಟೆ. ಅವಳು ಹೊರಟಳು. ಗುಡ್ಡದಾಚೆಯಿಂದ ಆರು ಮಂದಿಯನ್ನು ಕರೆದುಕೊಂಡು ನಾಲ್ಕೂವರೆಗೆ ಇಳಿಯಬೇಕಿತ್ತು. ಮಧ್ಯಾಹ್ನದ ಕಾವಲು ನನ್ನದು. ವೀರಾಚಾರ್ರು ಹೊರಗಿನ ಜಗಲಿಯ ಮೇಲೆ ತೂಕಡಿಸುತ್ತಿದ್ದರು. ಗೋಡೆಯಾಚೆ ರೇಡಿಯೋ ಕೋಣೆಯಲ್ಲಿ ಜುಬೇದಾ ಇದ್ದಳು. ಗಾಳಿಯಲ್ಲಿರುವವರ ಜೊತೆ ಮಾತಾಡುವುದು ಅವಳ ಕೆಲಸ. ಕಾಳಿಕಾಳ ದನಿ ಆಗಾಗ ಗೋಡೆ ದಾಟಿ ಕೇಳುತ್ತಿತ್ತು. ನನ್ನ ಎದೆ ಉಬ್ಬುತ್ತಿತ್ತು.

ಮೂರೂಮುಕ್ಕಾಲಿನ ಹೊತ್ತಿಗೆ ಪಡುವಣ ಕಿಟಕಿಯಿಂದ ಬಿಸಿಲು ಬಂದು ಮರಿಯ ಮೂತಿಗೆ ಬಿತ್ತು. ನೋಡುತ್ತೇನೆ, ಟೇಪು ಇದ್ದ ಕಡೆ ಅದರಡಿಗೆ ಕೆಂಪು ನುಸುಳಿಬಿಟ್ಟಿದೆ! ಪಟ್ಟಿಯ ಅಂಚು ಇಲಿ ಕಡಿದ ರೊಟ್ಟಿಯ ಹಾಗೆ ಹರಿದುಹೋಗಿದೆ. ಅಯ್ಯೋ ದೇವರೇ! ಇನ್ನು ಮುಕ್ಕಾಲು ಗಂಟೆಗೆ ಇಡೀ ಊರು ಬಯಲಿನಲ್ಲಿ ಸೇರುತ್ತದೆ. ಎಲ್ಲರ ಕಣ್ಣೂ ಆ ಮೂತಿಯ ಮೇಲೆಯೇ ಇರುತ್ತದೆ. ಊರಿನವರಿಗೆಲ್ಲ ತಪ್ಪು ತೋರಿಸುವ ಮೋನಪ್ಪ ಸ್ವಂತ ಮಗಳ ವಿಮಾನದಲ್ಲೇ ಟೇಪು ಒತ್ತಲು ಮರೆತ ಎಂದು ಆಡಿಕೊಳ್ಳುತ್ತಾರೆ.

ಕೈ ಮಡಿಲಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ಆಮೇಲೆ ನನಗೆ ನಾನೇ ಹೇಳಿಕೊಂಡೆ: ಇದು ಬರೀ ಬಣ್ಣ. ಹಲ್ಲಿಯ ಭಾರವಲ್ಲ, ಸುತ್ತಿಗೆಯ ಏಟಲ್ಲ. ನನ್ನ ಕೈಗಿಂತ ಹಗುರವಾದ ಕೈ ಈ ಊರಲ್ಲಿ ಯಾರಿಗಿದೆ?

ಮುಚ್ಚಳ ತೆಗೆದೆ. ಹಲ್ಲುಕಡ್ಡಿಗೆ ಹತ್ತಿ ಸುತ್ತಿ, ಬಣ್ಣ ಕರಗಿಸುವ ಥಿನ್ನರ್‌ನಲ್ಲಿ ಅದ್ದಿ, ಹಿಂಡಿದೆ. ಮೂತಿ ಅಲುಗದಿರಲೆಂದು ಎಡಗೈ ಹೆಬ್ಬೆರಳನ್ನು ಮುಂಗಾಜಿನ ಮೇಲೆ ಒತ್ತಿ ಹಿಡಿದೆ. ಬಿಳಿಯ ಕಡೆಯಿಂದ ಕೆಂಪಿನ ಕಡೆಗೆ ಒಂದೇ ದಿಕ್ಕಿನಲ್ಲಿ ಎಳೆಯಬೇಕು, ಹಿಂದಕ್ಕೆ ತರಬಾರದು. ಎಳೆದೆ. ಅಂಚು ಬ್ಲೇಡಿನಲ್ಲಿ ಕತ್ತರಿಸಿದಂತೆ ಬಂತು. ಅರ್ಧ ಪಟ್ಟಿ ಸರಿಹೋಗಿತ್ತು. ಇನ್ನರ್ಧಕ್ಕೆ ಕೈ ತಿರುಗಿಸಿದಾಗ ಅಂಗಿತೋಳಿನ ಗುಂಡಿ ಮರಿಯ ಬೆನ್ನಿನ ಮೇಲಿನ ಏರಿಯಲ್‌ಗೆ ಸಿಕ್ಕಿಕೊಂಡಿತು. ಕೂದಲಿನಷ್ಟು ತೆಳ್ಳಗಿನ ತಂತಿ ಅದು. ಟಿಕ್ ಎಂದು ಮುರಿಯಿತು.

ಗೋಡೆಯಾಚೆಯ ದನಿ ನಿಂತಿತು.

"ಮೋನಣ್ಣಾ!" ಜುಬೇದಾ ಕೂಗಿದಳು. "ಕಾಳಿಕಾ ಮಾತು ಅರ್ಧಕ್ಕೇ ನಿಂತೋಯ್ತು. ಅಲ್ಲೆಲ್ಲಾ ಸರಿಗಿದೆಯಾ?"

"ಎಲ್ಲಾ ಸರಿ ಇದೆ," ಎಂದೆ.

ಆ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದಿದ್ದು ಹೇಗೆ ಎಂದು ಇವತ್ತಿಗೂ ಯೋಚಿಸುತ್ತೇನೆ. ಬೇರೆಯವನು ಹೀಗೆ ಸುಳ್ಳು ಹೇಳಿದ್ದರೆ ಕಪಾಳಕ್ಕೆ ಹೊಡೆಯುತ್ತಿದ್ದೆ. ತಡವರಿಸುತ್ತ ಕಚ್ಚುಗೋಂದಿನ ಕೊಳವೆ ಹುಡುಕಿದೆ. ಚಿಟಿಕೆ ಹೊಡೆಯುವುದರೊಳಗೆ ಕಚ್ಚಿಕೊಳ್ಳುವ ಗೋಂದು ಅದು. ತಂತಿಯನ್ನು ಇಕ್ಕಳದಲ್ಲಿ ಹಿಡಿದು ಕೂರಿಸಿ, ಮೂರು ಎಣಿಸಿ ಬಿಟ್ಟೆ. ಆಚಾರ್ರು ಕೆಮ್ಮುವುದು ಕೇಳಿಸಿತು. ಪೆಟ್ಟಿಗೆಯ ಮುಚ್ಚಳವನ್ನು ಭದ್ರವಾಗಿ ಮುಚ್ಚಿ ಕೂತೆ.

"...ಕೇಳ್ತಿದೆಯಾ ಜುಬೇದಕ್ಕಾ?" ಕಾಳಿಕಾಳ ದನಿ ಮರಳಿ ಬಂತು. "ಈಗಷ್ಟೇ ಯಾಕೋ ಹಳ್ಳಕ್ಕೆ ಬಿದ್ದ ಗಾಡಿ ಥರ ಕುಲುಕಾಡಿಬಿಡ್ತು. ಹಣೆ ಹೊಡೆಸ್ಕೊಂಡೆ. ಹಿಂದಿದ್ದವರೆಲ್ಲ ಹೆದರಿದಾರೆ. ಈಗ ಸರಿಯಾಯ್ತು."

ನನ್ನ ಕೈ ಹಗುರವೇನೂ ಆಗಿರಲಿಲ್ಲ. ಆದರೂ ಅವಳ ದನಿ ಕೇಳಿದ್ದೇ ಸಾಕೆನಿಸಿ ಬೆವರು ಒರೆಸಿಕೊಂಡೆ. ಹತ್ತು ನಿಮಿಷ ಕಳೆದಿರಬೇಕು.

"ಜುಬೇದಕ್ಕಾ, ಏನೋ ಘಾಟು ಬರ್ತಿದೆ. ಕಣ್ಣು ಉರೀತಿದೆ." ಸ್ವಲ್ಪ ತಡೆದು, "ಗಾಜು ಬೆಳ್ಳಗಾಗ್ತಿದೆ. ಜುಬೇದಕ್ಕಾ, ಗಾಜೆಲ್ಲ ಬೆಳ್ಳಗಾಗ್ತಿದೆ. ನಂಗೇನೂ ಕಾಣ್ತಿಲ್ಲ!"

ಕಚ್ಚುಗೋಂದು ಹಾಕಿದ ಮೇಲೆ ಪೆಟ್ಟಿಗೆ ಮುಚ್ಚಬಾರದು. ಅದರ ಹಬೆ ಹೊರಗೆ ಹೋಗಲು ಇಡೀ ರಾತ್ರಿ ಬಿಡಬೇಕು, ಇಲ್ಲದಿದ್ದರೆ ಗಾಜಿಗೆ ಬಿಳಿ ಪೊರೆ ಕಟ್ಟುತ್ತದೆ. ಕಲಿಯಲು ಬಂದವರಿಗೆಲ್ಲ ನಾನು ಹೇಳಿಕೊಡುತ್ತಿದ್ದ ಮೊದಲನೇ ಪಾಠವೇ ಅದು.

ಆಚಾರ್ರು ಕೋಲೂರಿಕೊಂಡು ಒಳಗೆ ಬಂದವರು ಬಾಗಿಲಲ್ಲೇ ಮೂಸಿದರು. ಎಂಬತ್ತರ ಮುದುಕ, ಕಣ್ಣು ಮಂಜು, ಮೂಗು ಮಾತ್ರ ಚುರುಕು.

"ಗೋಂದು ಹಾಕ್ದೋರು ಯಾರು?"

"ನಾನೇ."

"ಪೆಟ್ಟಿಗೆ ಮುಚ್ಚಿದ್ದು?"

"ನಾನೇ ಆಚಾರ್ರೇ."

ಅವರು ಬೈಯಲಿಲ್ಲ. ಮುಚ್ಚಳ ಎತ್ತಿ ಪಕ್ಕಕ್ಕಿಟ್ಟರು, ಕಿಟಕಿ ತೆರೆದರು. ಪಕ್ಕದ ಗಾಜುಗಳು ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು. ಅವು ತೆರೆಯುವಂಥ ಕಿಟಕಿಗಳೂ ಅಲ್ಲ. ಗಾಳಿ ನುಗ್ಗಬಾರದೆಂದು ಒಂದೊಂದನ್ನೂ ಅಂಟಿಸಿ ಕೂರಿಸಿದವನು ನಾನೇ. ಪೊರೆ ತೆಗೆಯುವುದು ನನಗೆ ಗೊತ್ತಿತ್ತು: ಹತ್ತಿಗೆ ಕಡಲೆಕಾಳಿನಷ್ಟು ಹಲ್ಲುಜ್ಜುವ ಪೇಸ್ಟು ಹಚ್ಚಿ ಉಜ್ಜಿದರೆ ಹೋಗುತ್ತದೆ. ಓಡಿಹೋಗಿ ಪೇಸ್ಟು ತಂದೆ. ಮುಂಗಾಜಿನ ಮೂಲೆಗೆ ಹತ್ತಿ ಮುಟ್ಟಿಸಿದೆ, ಒಂದು ಸಲ ಎಳೆದೆ.

ಗೋಡೆಯಾಚೆ ಕಿರುಚಾಟ ಕೇಳಿತು. ಕಾಳಿಕಾಳದ್ದು, ಅವಳ ಹಿಂದೆ ಆರು ಮಂದಿಯದ್ದು.

ಆಚಾರ್ರು ನನ್ನ ಮಣಿಕಟ್ಟು ಹಿಡಿದರು. "ಕೈ ತೆಗಿ. ಮಾಡಿದ್ದು ಸಾಕು."

"ಅವಳಿಗೆ ಕಾಣ್ತಿಲ್ಲ ಆಚಾರ್ರೇ! ಒಂದು ಚೂರು ಜಾಗ ಮಾಡಿಕೊಡ್ತೀನಿ, ಒಂದೇ ಚೂರು..."

"ನೀನು ಮುಟ್ಟಿದ್ರೆ ಬೀಳ್ತಾಳೆ. ಕೂತ್ಕೋ ಮೋನಪ್ಪ."

ಕೂತೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಮಗಳ ಕಣ್ಣಿಗೆ ಕಟ್ಟಿದ ಬಟ್ಟೆ ನನ್ನ ಮುಂದೆ ಒಂದು ಗೇಣು ದೂರದಲ್ಲಿತ್ತು, ಅದನ್ನು ಬಿಚ್ಚುವ ವಿದ್ಯೆ ನನ್ನ ಕೈಯಲ್ಲಿತ್ತು, ಆದರೆ ಕೈಯನ್ನು ಎತ್ತುವಂತಿರಲಿಲ್ಲ.

ಜುಬೇದಾ ಉದ್ದ ವೈರಿನ ಮೈಕನ್ನು ಎಳೆದುಕೊಂಡು ನಮ್ಮ ಬಾಗಿಲಿಗೇ ಬಂದಳು. ಅಲ್ಲಿಂದ ಬಯಲು ಕಾಣುತ್ತದೆ. ಪೆಟ್ಟಿಗೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ನನ್ನ ಮಾತೂ ಹೋಗುವಂತೆ ಮೈಕು ಹಿಡಿದಳು.

"ಅಪ್ಪ ಇದಾರಾ ಅಲ್ಲಿ?" ಕಾಳಿಕಾ ಕೇಳಿದಳು.

"ಇದೀನಿ ಮಗಳೇ."

"ಪಕ್ಕದ ಗಾಜೆಲ್ಲ ಹೋಯ್ತು ಅಪ್ಪ. ದಿಕ್ಕು ತಪ್ಪದಿರ್ಲಿ ಅಂತ ಸೂರ್ಯನ ಕಡೆ ತಿರುಗಿಸಿದೀನಿ. ಮುಂದಿನ ಗಾಜು ಪೂರ್ತಿ ಬಿಳಿಯಿಲ್ಲ. ಗೆರೆ ಗೆರೆ ಇದೆ. ಬೆರಳಿನಷ್ಟು ದಪ್ಪದ ಗೆರೆ, ಸುತ್ಕೊಂಡು ಸುತ್ಕೊಂಡು ಹೋಗಿದಾವೆ." ಎಂಜಿನ್ ಸದ್ದು ಮಾತ್ರ ಕೇಳುತ್ತಿತ್ತು. ಮತ್ತೆ ಮಾತಾಡಿದಾಗ ದನಿ ಬೇರೆಯಾಗಿತ್ತು. "ನಡುವೆ ಅಡ್ಡಕ್ಕೊಂದು ಗೆರೆ ಇದೆ ಅಪ್ಪ. ಅದೊಂದು ಬೆಳ್ಳಗಾಗಿಲ್ಲ."

ಬಗ್ಗಿ ನೋಡಿದೆ. ಪಕ್ಕದವುಗಳಂತಲ್ಲದೆ, ಬೆಳಿಗ್ಗೆ ನಾನೇ ಒರೆಸಿಟ್ಟಿದ್ದ ಗಾಜು ಅದು. ಹಬೆಗೆ ಹಿಡಿದುಕೊಳ್ಳಲು ಅಲ್ಲಿ ಏನೂ ಸಿಕ್ಕಿರಲಿಲ್ಲ, ನನ್ನ ಹೆಬ್ಬೆರಳು ಬಿಟ್ಟ ಜಿಡ್ಡಿನ ಹೊರತು. ಆ ಜಿಡ್ಡಿನ ಒಂದೊಂದು ಎಳೆಯ ಮೇಲೂ ಬಿಳಿ ಕೂತಿತ್ತು. ಎಳೆಗಳ ನಡುವೆ ಸಣ್ಣ ಸಣ್ಣ ಸಂದು. ಎಲ್ಲವನ್ನೂ ಅಡ್ಡ ಕತ್ತರಿಸಿಕೊಂಡು ಉಳಿಯ ಗಾಯದ ಗೆರೆ, ಮರಿಯಲ್ಲಿ ನೂಲಿನಷ್ಟು, ಅವಳ ಮುಂದೆ ಒಂದು ಅಂಗೈಯಷ್ಟು ಅಗಲ. ಅಲ್ಲಿ ಜಿಡ್ಡು ತಾಗಿರಲಿಲ್ಲ, ಗಾಜು ಗಾಜಾಗಿಯೇ ಇತ್ತು.

"ಕಾಳಿಕಾ, ಅದು ನನ್ನ..."

"ಗೊತ್ತಾಯ್ತು ಅಪ್ಪ. ಈಗ ಬೇಡ. ಸುಮ್ನಿರು."

ಮತ್ತೆ ಹಿಂದಕ್ಕೆ ಸರಿದು ಕೂತೆ.

"ಜುಬೇದಕ್ಕಾ, ಆ ಗೆರೆಯೊಳಗಿಂದ ನೆಲದ ಅಂಚು ಕಾಣ್ತಿದೆ. ಎಡ ಬಲ ನೀವು ಹೇಳಿ. ಎತ್ತರ ನಾನು ನೋಡ್ಕೋತೀನಿ."

"ಹೇಳ್ತೀನಮ್ಮ. ನೀ ಹೆದರ್ಬೇಡ. ಸ್ವಲ್ಪ ಬಲಕ್ಕೆ. ಇನ್ನೂ ಸ್ವಲ್ಪ. ಹಾಂ, ಸಾಕು, ಸಾಕು. ಹಂಗೇ ಬಾ."

ಜುಬೇದಾಳ ಇನ್ನೊಂದು ಕೈ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. ದನಿ ಮಾತ್ರ ಮಗು ಮಲಗಿಸುವವಳ ದನಿ. ನಾನು ಬಯಲಿನ ಕಡೆ ತಿರುಗಲಿಲ್ಲ. ಮರಿಯನ್ನೇ ನೋಡುತ್ತಿದ್ದೆ. ಅದು ಅಲುಗದೆ ನಿಂತಿತ್ತು. ಮೂತಿಯಲ್ಲಿ ಅರ್ಧ ನೇರ, ಅರ್ಧ ಹರಕು ಪಟ್ಟಿ. ಅದನ್ನು ನೋಡಲು ನನಗೆ ಹೇಸಿಗೆಯಾಯಿತು. ಚಕ್ರಗಳನ್ನು ನೋಡಿದೆ. ಕಪ್ಪು, ಶುಭ್ರ. ಧೂಳಿಲ್ಲ. ಇನ್ನೂ ಇಲ್ಲ. ಆಚಾರ್ರು ನನ್ನ ಭುಜದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಅದು ಸಮಾಧಾನಕ್ಕೋ, ನಾನು ಏಳದಿರಲೆಂದು ಒತ್ತಿ ಹಿಡಿದದ್ದೋ, ಆಮೇಲೂ ಕೇಳಲಿಲ್ಲ.

"ತಗ್ಗಿಸು... ಇನ್ನೂ ತಗ್ಗಿಸು... ಎಡಕ್ಕೆ, ಎಡಕ್ಕಮ್ಮಾ!"

ಎಡಚಕ್ರಕ್ಕೆ ಒಂದು ಚಿಟಿಕೆ ಕೆಂಪು ಮೆತ್ತಿತು. ವಿಮಾನ ಮಗುಚಿತೇನೋ ಎನ್ನುವಷ್ಟರಲ್ಲಿ ಬಲಚಕ್ರಕ್ಕೂ ಮೆತ್ತಿತು. ಆಮೇಲೆ ಎರಡೂ ಪೂರ್ತಿ ಕೆಂಪಾದವು.

ನಾನು ಅತ್ತೆ. ನಾಚಿಕೆ ಬಿಟ್ಟು, ಗಟ್ಟಿಯಾಗಿ ಅತ್ತೆ. ತೊಡೆಯ ಕೆಳಗಿನ ಕೈ ಮರಗಟ್ಟಿತ್ತು, ಕಣ್ಣೊರೆಸಿಕೊಳ್ಳಲೂ ಬರಲಿಲ್ಲ.

ಬಯಲಿಗೆ ಹೋದಾಗ ಊರೆಲ್ಲ ವಿಮಾನದ ಸುತ್ತ ನಿಂತಿತ್ತು. ಮುಂಗಾಜಿನ ತುಂಬ ಜಮಖಾನೆಯಷ್ಟು ದೊಡ್ಡ ಹೆಬ್ಬೆರಳಿನ ಗುರುತು, ನಡುವೆ ಅಡ್ಡಗಾಯ. ಮೂವತ್ತು ವರ್ಷ ಆ ಬೆರಳನ್ನು ಎಲ್ಲರ ಮುಖಕ್ಕೂ ಆಡಿಸಿ ತಪ್ಪು ತೋರಿಸಿದ್ದೆ, ಗುರುತು ಹಿಡಿಯದವರು ಯಾರಿದ್ದರು? ಆದರೂ ಒಬ್ಬರೂ ಬಾಯಿ ಬಿಡಲಿಲ್ಲ. ನಾನೇ ಕೈ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದೆ.

"ನಂದೇ. ಅವಳು ಮೇಲಿದ್ದಾಗ ಮುಟ್ಟಿದೆ."

ಇಳಿದುಬಂದ ಆರು ಮಂದಿಯಲ್ಲಿ ಒಬ್ಬ ಮುದುಕಿ ನೆಲದ ಮೇಲೆ ಕೂತುಬಿಟ್ಟಿದ್ದಳು. ಆಕೆ ನನ್ನ ಮುಖವನ್ನೇ ನೋಡಿದಳು. ಆ ನೋಟವನ್ನು ನಾನು ಮರೆಯಬಾರದು.

ಕಾಳಿಕಾ ಕೊನೆಯಲ್ಲಿ ಇಳಿದಳು. ಹುಬ್ಬಿನ ಮೇಲೆ ರಕ್ತ ಒಣಗಿತ್ತು. ಹತ್ತಿರ ಬಂದು ನನ್ನ ಎಡಗೈ ಹಿಡಿದಳು. ಹೆಬ್ಬೆರಳನ್ನು ತಿರುಗಿಸಿ ನೋಡಿದಳು, ಚಿಕ್ಕಂದಿನಂತೆ ಗೆರೆಯ ಮೇಲೆ ಒಂದು ಸಲ ಬೆರಳಾಡಿಸಿದಳು. ಆಮೇಲೆ ಕೈ ಬಿಟ್ಟಳು.

"ಬೇಡ ಅಂದಿದ್ದೆ ಅಪ್ಪ ನಾನು. ಆ ಕೆಂಪು."

"ಹೌದು ಮಗಳೇ."

"ಗಾಜು ಒರೆಸಿಕೊಡು. ನಾಳೆ ಬೆಳಿಗ್ಗೆ ಮತ್ತೆ ಹೋಗ್ಬೇಕು." ಅವಳು ಸುತ್ತ ನಿಂತವರ ಕಡೆ ಒಮ್ಮೆ ನೋಡಿದಳು. "ಆಮೇಲೆ ಮರಿಮನೆಗೆ ಬರಬೇಡ."

ವಿಮಾನ ಗಾಳಿಯಲ್ಲಿದ್ದಾಗ ಮರಿಯನ್ನು ಮುಟ್ಟಿದವನನ್ನು ಹೊರಗಿಡುವ ಮಾತು ಆ ವಿಮಾನದ ಪೈಲಟ್ಟಿನ ಬಾಯಿಂದಲೇ ಬರಬೇಕು. ಬೇರೆ ಯಾರೂ ಹೇಳುವಂತಿಲ್ಲ, ಪೈಲಟ್ಟು ಹೇಳದೆ ಇರುವಂತೆಯೂ ಇಲ್ಲ. ಅಷ್ಟು ಜನರ ಮುಂದೆ ಅದನ್ನು ಹೇಳುವುದು ಅವಳಿಗೆ ವಿಮಾನ ಇಳಿಸಿದ್ದಕ್ಕಿಂತ ಕಷ್ಟವಾಗಿತ್ತು. ನನಗೆ ಗೊತ್ತು, ನಾನು ಅವಳಪ್ಪ.

ಸಂಜೆ ಅವಳು ಬಯಲಿನಲ್ಲಿ ತನ್ನ ಸೀಟಿನಲ್ಲಿ ಕೂತಳು, ನಾನು ಮರಿಮನೆಯಲ್ಲಿ. ನಡುವೆ ಜುಬೇದಾಳ ವೈರು. ಹಳೇ ಹತ್ತಿ ಸೀರೆಯ ತುಂಡಿಗೆ ಪೇಸ್ಟು ಹಚ್ಚಿ ಮೊದಲು ಪಕ್ಕದ ಗಾಜುಗಳನ್ನು ಉಜ್ಜಿದೆ, ಆಮೇಲೆ ಮುಂದಿನದನ್ನು. ಸಣ್ಣ ಸಣ್ಣ ಸುತ್ತಿನಲ್ಲಿ, ಒತ್ತದೆ, ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡುತ್ತ. ಒಂದೊಂದೇ ಎಳೆ ಕರಗಿತು. ಗಾಯದ ಗೆರೆಯಲ್ಲಿ ಉಜ್ಜುವುದಕ್ಕೇನೂ ಇರಲಿಲ್ಲ. ಸುತ್ತಲಿನ ಬಿಳಿ ಹೋದಮೇಲೆ ಅದೂ ತಾನಾಗಿಯೇ ಇಲ್ಲವಾಯಿತು.

"ಈಗ ಕಾಣ್ತಿದೆಯಾ ಮಗಳೇ?"

"ಕಾಣ್ತಿದೆ ಅಪ್ಪ. ಎಲ್ಲಾ ಕಾಣ್ತಿದೆ."

ಬ್ರಷ್‌ಗಳನ್ನು ತೊಳೆದು, ಒರೆಸಿ, ಆಚಾರ್ರ ಮುಂದಿಟ್ಟೆ. ಹೋಗುವ ಮುಂಚೆ ಕೇಳಬಾರದಿತ್ತು, ಕೇಳಿದೆ. "ಆಚಾರ್ರೇ, ಆ ಪಟ್ಟಿಯ ಇನ್ನರ್ಧ..."

"ಗಾಜು ಅಂದ್ಲು. ಗಾಜಷ್ಟೇ," ಎಂದರು ಆಚಾರ್ರು.

ಮಾರನೆಯ ಬೆಳಿಗ್ಗೆ ಬಯಲಿಗೆ ಹೋಗಿ ಜನರ ನಡುವೆ ನಿಂತೆ. ಮೂವತ್ತು ವರ್ಷದಲ್ಲಿ ವಿಮಾನ ಏಳುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅವು ಏಳುವಾಗಲೆಲ್ಲ ಒಳಗೆ ಪೆಟ್ಟಿಗೆಯ ಮುಂದೆ ಕೂತು ಬಣ್ಣದ ಅಂಚು ನೋಡುತ್ತಿದ್ದೆ. ಎಲ್ಲಿಡಬೇಕೆಂದು ತಿಳಿಯದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಅದು ಧೂಳೆಬ್ಬಿಸುತ್ತ ಓಡಿ, ನಮ್ಮ ನೆತ್ತಿಯ ಮೇಲೆಯೇ ಹಾದು, ಗುಡ್ಡದ ಕಡೆ ತಿರುಗಿತು. ಕತ್ತು ನೋಯುವವರೆಗೆ ಅದರ ಮೂತಿಯನ್ನೇ ಹುಡುಕಿದೆ. ಅಷ್ಟು ಎತ್ತರದಲ್ಲಿ ಹರಕು ಅಂಚು ಹಾಗಿರಲಿ, ಕೆಂಪು ಪಟ್ಟಿಯೇ ಕಾಣಲಿಲ್ಲ. ಕೆಳಗೆ ನಿಂತವರಿಗೆ ಅದು ಬರೀ ಬಿಳಿ.